ಪೋಸ್ಟ್‌ಫಿಕ್ಸ್ ಸರ್ವರ್‌ನಲ್ಲಿ ಇಮೇಲ್ ಏಲಿಯಾಸ್ ಮತ್ತು ಫಾರ್ವರ್ಡಿಂಗ್: ಹಂತಹಂತವಾಗಿ

"ಏಲಿಯಾಸ್ ಸೇರಿಸಿದ್ದೇನೆ, ಆದರೂ ಪತ್ರ ಬರುತ್ತಿಲ್ಲ." ಕಾಲೇಜು, ಪ್ರಯೋಗಾಲಯ, ಸಣ್ಣ ಕಚೇರಿಗಳಲ್ಲಿ ಹಲವರು ಹಂಚಿಕೊಂಡು ಬಳಸುವ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಏಲಿಯಾಸ್ ಎಂದರೆ ತನಗೆ ಬಂದ ಪತ್ರವನ್ನು ಬೇರೆ ಖಾತೆಗೆ ತಲುಪಿಸುವ ಬದಲಿ ಹೆಸರು. ಅವರು ಬರೆದ ಸಾಲುಗಳನ್ನು ತೆಗೆದು ನೋಡಿದರೆ ಹೆಚ್ಚಿನವು ಸರಿಯಾಗಿಯೇ ಇರುತ್ತವೆ. ಆದರೆ ಅವನ್ನು ಬರೆದ ಕಡತವನ್ನು ಆ ಪತ್ರದ ದಾರಿಯಲ್ಲಿ ಯಾರೂ ಓದುತ್ತಿರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಸಾಲು ಬರೆಯುವುದಕ್ಕಿಂತ ಮೊದಲು ದಾರಿ ನೋಡುವುದಕ್ಕೆ ಜಾಗ ಕೊಟ್ಟಿದ್ದೇನೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಇಲ್ಲಿ ಹೇಳುವುದೆಲ್ಲ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶಕ್ಕೆ ಅನ್ವಯಿಸುತ್ತದೆ. ಉದಾಹರಣೆಗಳು ಡೆಬಿಯನ್ ಮತ್ತು ಉಬುಂಟುವಿನ ರೂಢಿಯವು. ಕಮಾಂಡ್‌ಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಕೋಲನ್, ಅಡಿಗೆರೆ, ಓರೆಗೆರೆಗಳನ್ನು ಮಾತ್ರ ಕಂಡಂತೆಯೇ ಹಾಕಿ. ರವಿ, ಉಷಾ ಎಂಬುವು ಉದಾಹರಣೆಗೆ ಇಟ್ಟುಕೊಂಡ ಬಳಕೆದಾರ ಖಾತೆಗಳು, ಎಕ್ಸಾಂಪಲ್.ಆರ್ಗ್ ಇದ್ದಲ್ಲಿ ನಿಮ್ಮ ಡೊಮೇನ್ ಹಾಕಿಕೊಳ್ಳಿ.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಸರ್ವರ್‌ನಲ್ಲಿ ಸುಡೋ ಅಧಿಕಾರ, ಅಂದರೆ ನಿರ್ವಾಹಕರಾಗಿ ಕಮಾಂಡ್ ಕೊಡುವ ಅಧಿಕಾರ ಬೇಕು. ಎರಡು ಟರ್ಮಿನಲ್ ಕಿಟಕಿಗಳನ್ನು ತೆರೆದಿಟ್ಟುಕೊಳ್ಳಿ. ಒಂದರಲ್ಲಿ ಕೆಲಸ ನಡೆಯಲಿ, ಇನ್ನೊಂದರಲ್ಲಿ ಮೇಲ್ ಲಾಗ್ (ಪ್ರತಿ ಪತ್ರಕ್ಕೆ ಏನಾಯಿತೆಂದು ಸರ್ವರ್ ಬರೆಯುವ ದಾಖಲೆ) ಸತತವಾಗಿ ಹರಿಯುತ್ತಿರಲಿ. ಉಬುಂಟುವಿನಲ್ಲಿ ಲಾಗ್ ಸಾಮಾನ್ಯವಾಗಿ /ವಾರ್/ಲಾಗ್/ಮೇಲ್.ಲಾಗ್ ಕಡತದಲ್ಲಿರುತ್ತದೆ, ರೆಡ್ ಹ್ಯಾಟ್ ಕುಟುಂಬದಲ್ಲಿ ಅದೇ ಜಾಗದ ಮೇಲ್‌ಲಾಗ್ ಕಡತದಲ್ಲಿ. ಡೆಬಿಯನ್ 12ರಿಂದ ಈಚೆಗೆ ಆ ಕಡತವೇ ಕಾಣದಿದ್ದರೆ ಗಾಬರಿಯಾಗಬೇಡಿ. ಅಲ್ಲಿ ಆ ಕಡತವನ್ನು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಸ್ಥಾಪನೆಯಾಗುವುದಿಲ್ಲ, ಜರ್ನಲ್‌ಸಿಟಿಎಲ್ ಕಮಾಂಡ್‌ನಿಂದ ಲಾಗ್ ನೋಡಬೇಕು.

ಪರೀಕ್ಷೆಗೆ ಮೇಲ್‌ಯುಟಿಲ್ಸ್ ಮತ್ತು ಸ್ವಾಕ್ಸ್ ಎಂಬ ಎರಡು ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಿ. ಜೊತೆಗೆ ಹೊರಗಿನ ಒಂದು ಇಮೇಲ್ ಖಾತೆಯೂ ಬೇಕು. ಅದು ನೀವು ಫಾರ್ವರ್ಡ್ ಮಾಡಲಿರುವ ಖಾತೆಯೇ ಆಗಿರಬಾರದು. ಏಕೆಂಬುದು ಒಂಬತ್ತನೆಯ ಹಂತದಲ್ಲಿ ಗೊತ್ತಾಗುತ್ತದೆ.

ಈಗಿರುವ ಸೆಟ್ಟಿಂಗ್‌ಗಳ ಪ್ರತಿಯನ್ನು ತೆಗೆದಿಡಿ: /ಇಟಿಸಿ/ಏಲಿಯಾಸಸ್ ಕಡತ ಮತ್ತು /ಇಟಿಸಿ/ಪೋಸ್ಟ್‌ಫಿಕ್ಸ್ ಡೈರೆಕ್ಟರಿ ಪೂರ್ತಿ. ಒಬ್ಬರಿಗಿಂತ ಹೆಚ್ಚು ನಿರ್ವಾಹಕರಿದ್ದರೆ ಇಟಿಸಿಕೀಪರ್ ಸ್ಥಾಪಿಸುವುದು ಒಳ್ಳೆಯದು. ಯಾರು ಯಾವ ಸಾಲನ್ನು ಎಂದು ಬದಲಿಸಿದರು ಎಂಬುದು ಗಿಟ್ ಇತಿಹಾಸದಲ್ಲಿ ಉಳಿಯುತ್ತದೆ.

ಹಂತ 1: ನಿಮ್ಮ ಪತ್ರದ ದಾರಿಯನ್ನು ಪತ್ತೆ ಮಾಡಿ

ಪೋಸ್ಟ್‌ಫಿಕ್ಸ್‌ನಲ್ಲಿ ವಿಳಾಸವೊಂದು ಬದಲಾಗುವ ಜಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ವರ್ಚುಯಲ್ ಏಲಿಯಾಸ್ ಕೋಷ್ಟಕ. ಪತ್ರ ಒಳಬರುವಾಗಲೇ, ಸರತಿಗೆ ಸೇರುವ ಮೊದಲೇ ಇದನ್ನು ನೋಡಲಾಗುತ್ತದೆ. ವಿಳಾಸ ಈ ಯಂತ್ರದ್ದಿರಲಿ, ಹೊರಗಿನದಿರಲಿ, ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಎರಡನೆಯದು /ಇಟಿಸಿ/ಏಲಿಯಾಸಸ್. ಪತ್ರ ಈ ಯಂತ್ರದಲ್ಲೇ ವಿಲೇವಾರಿಯಾಗಬೇಕು ಎಂದು ತೀರ್ಮಾನವಾದ ಮೇಲೆ, ಲೋಕಲ್ ಎಂಬ ವಿಲೇವಾರಿ ಪ್ರೋಗ್ರಾಮ್ ಮಾತ್ರ ಇದನ್ನು ಓದುತ್ತದೆ. ಮೂರನೆಯದು ಬಳಕೆದಾರರ ಹೋಮ್ ಡೈರೆಕ್ಟರಿಯಲ್ಲಿರುವ ಡಾಟ್ ಫಾರ್ವರ್ಡ್ ಕಡತ. ಅದನ್ನೂ ಲೋಕಲ್ ಪ್ರೋಗ್ರಾಮೇ ಓದುತ್ತದೆ, ಏಲಿಯಾಸ್ ನೋಡಿದ ಮೇಲೆ.

ಈಗ ಈ ಕಮಾಂಡ್ ಕೊಡಿ:

ಪೋಸ್ಟ್‌ಕಾನ್ಫ್ ಮೈಡೆಸ್ಟಿನೇಶನ್ ಮೈಆರಿಜಿನ್ ಏಲಿಯಾಸ್_ಮ್ಯಾಪ್ಸ್ ಏಲಿಯಾಸ್_ಡೇಟಾಬೇಸ್ ವರ್ಚುಯಲ್_ಏಲಿಯಾಸ್_ಡೊಮೇನ್ಸ್ ವರ್ಚುಯಲ್_ಮೇಲ್‌ಬಾಕ್ಸ್_ಡೊಮೇನ್ಸ್

ನಿಮ್ಮ ಡೊಮೇನ್ ಮೈಡೆಸ್ಟಿನೇಶನ್ (ಈ ಯಂತ್ರದ ಖಾತೆಗಳಿಗೇ ವಿಲೇವಾರಿಯಾಗುವ ಡೊಮೇನ್‌ಗಳ) ಪಟ್ಟಿಯಲ್ಲಿದ್ದರೆ ಏಲಿಯಾಸಸ್ ಕಡತವೂ ಡಾಟ್ ಫಾರ್ವರ್ಡ್ ಕಡತಗಳೂ ಕೆಲಸ ಮಾಡುತ್ತವೆ. ವರ್ಚುಯಲ್_ಮೇಲ್‌ಬಾಕ್ಸ್_ಡೊಮೇನ್ಸ್ (ಲಿನಕ್ಸ್ ಖಾತೆಗಳಿಲ್ಲದೆ ಬರಿ ಪೆಟ್ಟಿಗೆಗಳಿರುವ ಡೊಮೇನ್‌ಗಳ) ಪಟ್ಟಿಯಲ್ಲಿದ್ದರೆ ಆ ಎರಡನ್ನೂ ಯಾರೂ ಓದುವುದಿಲ್ಲ. ನೇರವಾಗಿ ಏಳನೆಯ ಹಂತಕ್ಕೆ ಹೋಗಿ. ಎಲ್ಲಿಯೂ ಇಲ್ಲದಿದ್ದರೆ ಆ ಡೊಮೇನಿನ ಪತ್ರ ತನ್ನದು ಎಂಬುದೇ ಈ ಸರ್ವರ್‌ಗೆ ತಿಳಿದಿಲ್ಲ. ಏಲಿಯಾಸ್‌ಗೆ ಕೈ ಹಾಕುವ ಮೊದಲು ಅದನ್ನು ಸರಿಪಡಿಸಬೇಕು. ಒಂದೇ ಡೊಮೇನ್ ಎರಡು ಪಟ್ಟಿಗಳಲ್ಲಿರುವುದು ಯಾವತ್ತೂ ತಪ್ಪು. ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಅದಕ್ಕಾಗಿಯೇ ಎಚ್ಚರಿಕೆಯ ಸಾಲು ಬರೆಯುತ್ತದೆ.

ಈ ಕಮಾಂಡ್ ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ಅದನ್ನು ಮತ್ತೆ ನೋಡಬೇಕಾಗುತ್ತದೆ.

ಹಂತ 2: ವಿಳಾಸಗಳ ಪಟ್ಟಿಯನ್ನು ಕಾಗದದ ಮೇಲೆ ಮಾಡಿ

ಹೊರಗಿನವರಿಗೆ ಕೊಡುವ ವಿಳಾಸ ಹುದ್ದೆಯ ಹೆಸರಿನಲ್ಲಿರಲಿ. ಕಚೇರಿ, ಗ್ರಂಥಾಲಯ, ಪ್ರವೇಶಾತಿ, ಲೆಕ್ಕಪತ್ರ ಎಂಬಂಥ ಹೆಸರುಗಳು ಏಲಿಯಾಸ್‌ಗಳಾಗಲಿ. ಆ ಕೆಲಸ ಮಾಡುವ ವ್ಯಕ್ತಿಯ ಖಾತೆ ಬಲಗಡೆಯಲ್ಲಿರಲಿ. ವ್ಯಕ್ತಿ ಬದಲಾದಾಗ ಒಂದು ಸಾಲು ತಿದ್ದಿದರೆ ಸಾಕು, ಮುದ್ರಿಸಿದ ಲೆಟರ್‌ಹೆಡ್ ಬದಲಿಸಬೇಕಾಗುವುದಿಲ್ಲ.

ಪಟ್ಟಿಯಲ್ಲಿ ನಾಲ್ಕು ಅಂಕಣಗಳಿರಲಿ: ಏಲಿಯಾಸ್, ಅದು ಯಾರಿಗೆ ತಲುಪಬೇಕು, ಸರ್ವರ್‌ನಲ್ಲಿ ಪ್ರತಿ ಉಳಿಯಬೇಕೇ, ಅದನ್ನು ಬದಲಿಸುವ ಅಧಿಕಾರ ಯಾರಿಗೆ. ನಾಲ್ಕನೆಯ ಅಂಕಣವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎರಡು ವರ್ಷ ಕಳೆದ ಮೇಲೆ "ಈ ಏಲಿಯಾಸ್‌ನಲ್ಲಿ ಇವರ ಹೆಸರು ಏಕಿದೆ?" ಎಂದರೆ ಉತ್ತರಿಸುವವರು ಇರುವುದಿಲ್ಲ.

ಬಲಗಡೆ ಬರೆದ ಪ್ರತಿಯೊಂದು ಖಾತೆಯೂ ನಿಜವಾಗಿ ಇದೆಯೇ ಎಂದು ‘ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ ರವಿ’ ಎಂಬಂತೆ ಪರಿಶೀಲಿಸಿ. ಏನೂ ಮುದ್ರಣವಾಗದಿದ್ದರೆ ಆ ಖಾತೆ ಇಲ್ಲ.

ಹಂತ 3: ರೂಟ್ ಮತ್ತು ಪೋಸ್ಟ್‌ಮಾಸ್ಟರ್

ಉಳಿದ ಏಲಿಯಾಸ್‌ಗಳಿಗಿಂತ ಮೊದಲು ಇವೆರಡು ಮುಗಿಯಬೇಕು. ಕ್ರಾನ್ ಕೆಲಸಗಳ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ) ದೋಷವರದಿ, ಡಿಸ್ಕ್ ಎಚ್ಚರಿಕೆ, ಭದ್ರತಾ ಸೂಚನೆಗಳೆಲ್ಲ ರೂಟ್ ಎಂಬ ಮುಖ್ಯ ನಿರ್ವಾಹಕ ಖಾತೆಯ ಹೆಸರಿಗೆ ಬರುತ್ತವೆ. ರೂಟ್ ಪೆಟ್ಟಿಗೆಯನ್ನು ಯಾರೂ ತೆರೆಯದ ಕಾರಣ ಅವು ಅಲ್ಲಿಯೇ ಬಿದ್ದಿರುತ್ತವೆ. ಪೋಸ್ಟ್‌ಮಾಸ್ಟರ್ ವಿಳಾಸವಂತೂ ಐಚ್ಛಿಕವಲ್ಲ. ಪತ್ರ ಸ್ವೀಕರಿಸುವ ಪ್ರತಿಯೊಂದು ಡೊಮೇನಿನಲ್ಲೂ ಅದು ಇರಲೇಬೇಕು ಎಂದು ಸರ್ವರ್‌ಗಳ ನಡುವೆ ಪತ್ರ ಸಾಗಿಸುವ ಎಸ್‌ಎಂಟಿಪಿಯ ಮಾನದಂಡವಾದ ಆರ್‌ಎಫ್‌ಸಿ 5321 ಹೇಳುತ್ತದೆ. ಅಬ್ಯೂಸ್, ವೆಬ್‌ಮಾಸ್ಟರ್, ಹೋಸ್ಟ್‌ಮಾಸ್ಟರ್ ಮುಂತಾದ ಹೆಸರುಗಳು 1997ರ ಆರ್‌ಎಫ್‌ಸಿ 2142ರಲ್ಲಿವೆ. /ಇಟಿಸಿ/ಏಲಿಯಾಸಸ್ ಕಡತದಲ್ಲಿ ಈ ಸಾಲುಗಳಿರಲಿ:

ಪೋಸ್ಟ್‌ಮಾಸ್ಟರ್: ರೂಟ್
ಅಬ್ಯೂಸ್: ರೂಟ್
ರೂಟ್: ರವಿ, ಉಷಾ

ರೂಟ್‌ಗೆ ಕನಿಷ್ಠ ಇಬ್ಬರಿರಲಿ. ಒಬ್ಬರೇ ಇದ್ದರೆ ಅವರು ರಜೆಯಲ್ಲಿರುವಾಗಲೇ ಡಿಸ್ಕ್ ತುಂಬುತ್ತದೆ.

ಹಂತ 4: ಏಲಿಯಾಸಸ್ ಕಡತಕ್ಕೆ ಸಾಲುಗಳನ್ನು ಸೇರಿಸಿ

ಸಾಲಿನ ರೂಪ ಸರಳ. ಎಡಗಡೆ ಏಲಿಯಾಸ್, ಕೋಲನ್, ಬಲಗಡೆ ಒಂದು ಅಥವಾ ಹೆಚ್ಚು ವಿಳಾಸಗಳು, ನಡುವೆ ಅಲ್ಪವಿರಾಮ. ಕ್ರಾಸ್‌ಹ್ಯಾಚ್ (#) ಚಿಹ್ನೆಯಿಂದ ಆರಂಭವಾಗುವ ಸಾಲು ಟಿಪ್ಪಣಿ. ಖಾಲಿ ಜಾಗದಿಂದ ಆರಂಭವಾಗುವ ಸಾಲು ಹಿಂದಿನ ಸಾಲಿನ ಮುಂದುವರಿಕೆ ಎಂದು ಓದಲ್ಪಡುತ್ತದೆ. ಹೊಸ ಏಲಿಯಾಸ್ ಬರೆಯುವಾಗ ಕೈತಪ್ಪಿ ಮೊದಲಲ್ಲಿ ಒಂದು ಸ್ಪೇಸ್ ಬಿದ್ದರೆ ಅದು ಮೇಲಿನ ಏಲಿಯಾಸ್‌ಗೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದ ತಪ್ಪು ಇದು.

ಆಫೀಸ್: ರವಿ
ಲೈಬ್ರರಿ: ಉಷಾ, ರವಿ

ಎಡಗಡೆ ಹೆಸರು ಮಾತ್ರ ಬರಬೇಕು, @ ಮತ್ತು ಡೊಮೇನ್ ಬರಬಾರದು. ‘ಆಫೀಸ್@ಎಕ್ಸಾಂಪಲ್.ಆರ್ಗ್: ರವಿ’ ಎಂದು ಬರೆದರೆ ಆ ಸಾಲು ಯಾವ ಪತ್ರಕ್ಕೂ ಹೊಂದುವುದಿಲ್ಲ. ನಾನು ಕಂಡ ತಪ್ಪುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಡೊಮೇನ್ ಸಹಿತ ಪೂರ್ಣ ವಿಳಾಸ ಬರೆಯಬೇಕೆಂದರೆ ವರ್ಚುಯಲ್ ಕೋಷ್ಟಕಕ್ಕೆ ಹೋಗಬೇಕು. ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಮಾತ್ರ ಇಲ್ಲಿ ಲೆಕ್ಕಕ್ಕಿಲ್ಲ.

ಕಡತವನ್ನು ಉಳಿಸಿದ ಕೂಡಲೇ ‘ಸುಡೋ ನ್ಯೂಏಲಿಯಾಸಸ್’ ಕೊಡಿ. ಪೋಸ್ಟ್‌ಫಿಕ್ಸ್ ಓದುವುದು ನೀವು ತಿದ್ದಿದ ಪಠ್ಯವನ್ನಲ್ಲ, ಅದರಿಂದ ತಯಾರಾದ ಡೇಟಾಬೇಸ್ ಕಡತವನ್ನು. ಇದನ್ನು ಮರೆತಾಗ "ಏಲಿಯಾಸಸ್.ಡಿಬಿ ಕಡತ ಮೂಲಕ್ಕಿಂತ ಹಳೆಯದು" ಎಂಬರ್ಥದ ಎಚ್ಚರಿಕೆ ಲಾಗ್‌ನಲ್ಲಿ ಬರುತ್ತದೆ. ಇಷ್ಟಕ್ಕೇ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಬೇಕಾಗಿಲ್ಲ. ಡೇಟಾಬೇಸ್ ಬದಲಾದದ್ದನ್ನು ಅದು ತಾನೇ ಗಮನಿಸುತ್ತದೆ.

ಇಲ್ಲಿ ಇನ್ನೂ ಎರಡು ಕಡೆ ಜನ ಎಡವುತ್ತಾರೆ. ಪೋಸ್ಟ್‌ಮ್ಯಾಪ್ ಎಂಬ ಇನ್ನೊಂದು ಕಮಾಂಡ್ ಇದೆ. ಕೋಲನ್ ಇಲ್ಲದ ಕೋಷ್ಟಕಗಳಿಗೆ ಅದು, ಕೋಲನ್ ಇರುವ ಏಲಿಯಾಸ್ ಕಡತಕ್ಕೆ ಪೋಸ್ಟ್‌ಏಲಿಯಾಸ್ ಅಥವಾ ನ್ಯೂಏಲಿಯಾಸಸ್. ಏಲಿಯಾಸ್ ಕಡತದ ಮೇಲೆ ಪೋಸ್ಟ್‌ಮ್ಯಾಪ್ ನಡೆಸಿದರೆ ಕೋಲನ್ ಕೂಡ ಹೆಸರಿನ ಭಾಗವಾಗಿಬಿಡುತ್ತದೆ, ಯಾವ ಏಲಿಯಾಸೂ ಸಿಗದಂತಾಗುತ್ತದೆ. "ಇದು ಏಲಿಯಾಸ್ ಕಡತವೇ?" ಎಂದು ಪೋಸ್ಟ್‌ಮ್ಯಾಪ್ ಕೇಳುವುದೂ ಉಂಟು, ಆ ಪ್ರಶ್ನೆ ಕಂಡರೆ ಕೂಡಲೇ ನ್ಯೂಏಲಿಯಾಸಸ್ ಕೊಟ್ಟು ಡೇಟಾಬೇಸನ್ನು ಮತ್ತೆ ಕಟ್ಟಿ.

ಎರಡನೆಯದು ಇನ್ನಷ್ಟು ಸೂಕ್ಷ್ಮ. ಹುಡುಕುವಾಗ ಪೋಸ್ಟ್‌ಫಿಕ್ಸ್ ಏಲಿಯಾಸ್_ಮ್ಯಾಪ್ಸ್‌ನಲ್ಲಿರುವ ಕಡತಗಳನ್ನು ನೋಡುತ್ತದೆ, ಆದರೆ ನ್ಯೂಏಲಿಯಾಸಸ್ ಕಟ್ಟುವುದು ಏಲಿಯಾಸ್_ಡೇಟಾಬೇಸ್‌ನಲ್ಲಿರುವ ಕಡತಗಳನ್ನು ಮಾತ್ರ. ವಿಭಾಗಕ್ಕೊಂದು ಏಲಿಯಾಸ್ ಕಡತ ಮಾಡಿ ಮೊದಲನೆಯದರಲ್ಲಿ ಮಾತ್ರ ಸೇರಿಸಿದರೆ, ಎಷ್ಟು ಬಾರಿ ನ್ಯೂಏಲಿಯಾಸಸ್ ಕೊಟ್ಟರೂ ಹೊಸ ಕಡತದ ಡೇಟಾಬೇಸ್ ಹುಟ್ಟುವುದಿಲ್ಲ. ಒಂದನೆಯ ಹಂತದಲ್ಲಿ ಬರೆದಿಟ್ಟ ಉತ್ತರದಲ್ಲಿ ಈ ಎರಡೂ ಸಾಲುಗಳನ್ನು ಹೋಲಿಸಿ ನೋಡಿ.

ಕೊನೆಯಲ್ಲಿ ಡೇಟಾಬೇಸನ್ನೇ ಕೇಳಿ: ‘ಪೋಸ್ಟ್‌ಏಲಿಯಾಸ್ -ಕ್ಯೂ ಆಫೀಸ್ ಹ್ಯಾಶ್:/ಇಟಿಸಿ/ಏಲಿಯಾಸಸ್’. ‘ರವಿ’ ಎಂದು ಉತ್ತರ ಬಂದರೆ ಹಂತ ಮುಗಿಯಿತು. ಕೆಲವು ಹೊಸ ವಿತರಣೆಗಳಲ್ಲಿ ಹ್ಯಾಶ್ ಬದಲು ಎಲ್‌ಎಂಡಿಬಿ ಎಂಬ ಇನ್ನೊಂದು ಬಗೆಯ ಡೇಟಾಬೇಸ್ ಇರುತ್ತದೆ. ಏಲಿಯಾಸ್_ಮ್ಯಾಪ್ಸ್‌ನಲ್ಲಿ ಯಾವುದು ಕಂಡಿತೋ ಅದನ್ನೇ ಹಾಕಿ.

ಹಂತ 5: ಹತ್ತಾರು ಜನರಿಗೆ ಹೋಗುವ ಏಲಿಯಾಸ್

ಬೋಧಕರೆಲ್ಲರಿಗೂ ಹೋಗುವಂಥ ಏಲಿಯಾಸ್‌ನಲ್ಲಿ ಇಪ್ಪತ್ತು ಮೂವತ್ತು ಹೆಸರುಗಳನ್ನು ಒಂದೇ ಸಾಲಿಗೆ ತುರುಕಬೇಡಿ. ಹೆಸರುಗಳನ್ನು ಬೇರೆ ಕಡತದಲ್ಲಿ ಸಾಲಿಗೊಂದರಂತೆ ಬರೆದು ಹೀಗೆ ಕರೆಯಿರಿ:

ಟೀಚರ್ಸ್: :ಇನ್‌ಕ್ಲೂಡ್:/ಇಟಿಸಿ/ಮೇಲ್‌ಲಿಸ್ಟ್ಸ್/ಟೀಚರ್ಸ್
ಓನರ್-ಟೀಚರ್ಸ್: ಉಷಾ

ಇದರಿಂದ ದೊಡ್ಡ ಅನುಕೂಲವಿದೆ. ಒಳಗಿನ ಪಟ್ಟಿಯನ್ನು ಬದಲಿಸಿದಾಗ ನ್ಯೂಏಲಿಯಾಸಸ್ ಕೊಡಬೇಕಾಗಿಲ್ಲ. ಹಾಗಾಗಿ ಪಟ್ಟಿಯ ಕಡತವನ್ನು ಕಚೇರಿಯ ಒಬ್ಬರ ಒಡೆತನಕ್ಕೆ ಕೊಟ್ಟರೆ ಅವರೇ ಹೆಸರುಗಳನ್ನು ಸೇರಿಸುತ್ತಾರೆ, ತೆಗೆಯುತ್ತಾರೆ. ಅವರಿಗೆ ಸುಡೋ ಬೇಡ. ಆದರೆ ಆ ಕಡತವನ್ನು ಬೇರೆಯವರು ತಿದ್ದುವಂತಿರಬಾರದು. ಎಲ್ಲರಿಗೂ ಬರೆಯುವ ಅನುಮತಿ ಇರುವ ಪಟ್ಟಿ ಎಂದರೆ ಸರ್ವರ್‌ನ ಯಾವ ಬಳಕೆದಾರನಾದರೂ ತನ್ನ ವಿಳಾಸವನ್ನು ಸೇರಿಸಿಕೊಂಡು ಬೋಧಕರ ಪತ್ರಗಳನ್ನು ಓದಬಹುದು ಎಂದರ್ಥ.

ಓನರ್ ಸಾಲಿಗೆ ಹೆಸರು ಹೊಂದಿಸುವುದು ಮುಖ್ಯ: ಏಲಿಯಾಸ್‌ನ ಹೆಸರಿನ ಹಿಂದೆ ‘ಓನರ್-’ ಸೇರಿಸಬೇಕು. ಅದಿದ್ದರೆ ಪಟ್ಟಿಗೆ ಹೋಗುವ ಪತ್ರದ ಲಕೋಟೆಯ ಮೇಲಿನ ಕಳುಹಿಸುವವರ ವಿಳಾಸವನ್ನು (ಸರ್ವರ್‌ಗಳು ಬಳಸುವ ಈ ವಿಳಾಸ ಪತ್ರದ ಒಳಗಿನ ಫ್ರಮ್ ಸಾಲಿಗಿಂತ ಬೇರೆ) ಪೋಸ್ಟ್‌ಫಿಕ್ಸ್ ಬದಲಿಸುತ್ತದೆ. ಯಾರದೋ ಪೆಟ್ಟಿಗೆ ತುಂಬಿ ಪತ್ರ ಹಿಂದಿರುಗಿದರೆ ದೂರು ಪಟ್ಟಿ ನೋಡಿಕೊಳ್ಳುವ ಉಷಾ ಖಾತೆಗೆ ಹೋಗುತ್ತದೆ. ಇಲ್ಲದಿದ್ದರೆ ಪತ್ರ ಬರೆದವರಿಗೇ ಹೋಗುತ್ತದೆ, ಅವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಹಂತ 6: ಬಳಕೆದಾರರ ಡಾಟ್ ಫಾರ್ವರ್ಡ್ ಕಡತ

ಬಳಕೆದಾರರು ತಮ್ಮ ಪತ್ರವನ್ನು ತಾವೇ ಬೇರೆಡೆ ತಿರುಗಿಸಿಕೊಳ್ಳಲು ಇರುವ ದಾರಿ ಇದು. ಹೋಮ್ ಡೈರೆಕ್ಟರಿಯಲ್ಲಿ ಚುಕ್ಕೆಯಿಂದ ಆರಂಭವಾಗುವ ಫಾರ್ವರ್ಡ್ ಎಂಬ ಕಡತ ಮಾಡಿ, ಸಾಲಿಗೊಂದು ವಿಳಾಸ ಬರೆದರೆ ಸಾಕು. ಸರ್ವರ್‌ನಲ್ಲೂ ಪ್ರತಿ ಉಳಿಯಬೇಕಿದ್ದರೆ ತಮ್ಮದೇ ಬಳಕೆದಾರ ಹೆಸರನ್ನು ಒಂದು ಸಾಲಿನಲ್ಲಿ ಸೇರಿಸಬೇಕು:

\ರವಿ
ರವಿ@ಎಕ್ಸಾಂಪಲ್.ನೆಟ್

ಹೆಸರಿನ ಹಿಂದಿನ ಹಿಮ್ಮುಖ ಓರೆಗೆರೆ ಹಳೆಯ ಸೆಂಡ್‌ಮೇಲ್ ಕಾಲದ ರೂಢಿ. ಪೋಸ್ಟ್‌ಫಿಕ್ಸ್‌ನಲ್ಲಿ ಅದಿಲ್ಲದೆಯೂ ನಡೆಯುತ್ತದೆ: ಬಳಕೆದಾರನ ಹೆಸರು ಅವನದೇ ಕಡತದಲ್ಲಿ ಕಂಡರೆ ಅದು ಸುತ್ತು ಹೊಡೆಯದೆ ನೇರವಾಗಿ ಪೆಟ್ಟಿಗೆಗೆ ಹಾಕುತ್ತದೆ. ಆದರೂ ಓರೆಗೆರೆ ಇರಲಿ. ಮುಂದೆ ಬೇರೆ ಮೇಲ್ ಸರ್ವರ್‌ಗೆ ಬದಲಾದಾಗ ಪತ್ರ ಸುತ್ತುವ ಅಪಾಯ ತಪ್ಪುತ್ತದೆ. ಪ್ರತಿ ಉಳಿಸಿಕೊಳ್ಳಬೇಕೆಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಹೊರಗಿನ ಸೇವೆ ಪತ್ರವನ್ನು ತಿರಸ್ಕರಿಸಿದ ದಿನ ನಿಮ್ಮ ಬಳಿ ಇರುವುದು ಆ ಪ್ರತಿ ಮಾತ್ರ.

ಡಾಟ್ ಫಾರ್ವರ್ಡ್ ಕಡತ ಇದ್ದೂ ಕೆಲಸ ಮಾಡದಿದ್ದರೆ ಈ ಕಾರಣಗಳನ್ನು ಇದೇ ಕ್ರಮದಲ್ಲಿ ನೋಡಿ. ಮೊದಲು, ಅದೇ ಹೆಸರಿನ ಏಲಿಯಾಸ್ ಇದೆಯೇ? ‘ರವಿ: ಉಷಾ’ ಎಂದು ಏಲಿಯಾಸಸ್ ಕಡತದಲ್ಲಿದ್ದರೆ ರವಿಯ ಡಾಟ್ ಫಾರ್ವರ್ಡ್ ಕಡತವನ್ನು ಓದುವ ಸಂದರ್ಭವೇ ಬರುವುದಿಲ್ಲ.

ಆಮೇಲೆ ಒಡೆತನ ಮತ್ತು ಅನುಮತಿ. ಕಡತ ಆ ಬಳಕೆದಾರನದು ಅಥವಾ ರೂಟ್‌ನದು ಆಗಿರಬೇಕು, ಎಲ್ಲರೂ ಬರೆಯುವಂತಿರಬಾರದು. ಬೇರೆಡೆಗೆ ತೋರಿಸುವ ಲಿಂಕ್ ಆಗಿದ್ದರೂ ಪೋಸ್ಟ್‌ಫಿಕ್ಸ್ ಒಪ್ಪುವುದಿಲ್ಲ, ನಿಜವಾದ ಕಡತವೇ ಬೇಕು. ನಿರ್ವಾಹಕರು ಒಬ್ಬ ಬಳಕೆದಾರನ ಕಡತವನ್ನು ಇನ್ನೊಬ್ಬನಿಗೆ ನಕಲು ಮಾಡಿಕೊಟ್ಟಾಗ ಒಡೆತನ ಹಳೆಯವನದೇ ಉಳಿದಿರುವುದು ಸಾಮಾನ್ಯ. ಇಂಥ ಪ್ರತಿಯೊಂದು ಸಂದರ್ಭದಲ್ಲೂ ಪೋಸ್ಟ್‌ಫಿಕ್ಸ್ ಕಡತವನ್ನು ಬದಿಗಿಟ್ಟು ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ, ಬಳಕೆದಾರನಿಗೆ ಏನೂ ತಿಳಿಯುವುದಿಲ್ಲ. ಅನುಮತಿಯನ್ನು 600 ಅಥವಾ 644 ಮಾಡಿದರೆ ಸಾಕು.

ಮೂರನೆಯದು ಗೂಢಲಿಪಿಯಲ್ಲಿರುವ ಹೋಮ್ ಡೈರೆಕ್ಟರಿ. ಬಳಕೆದಾರ ಲಾಗಿನ್ ಆದಾಗ ಮಾತ್ರ ತೆರೆದುಕೊಳ್ಳುವ ವ್ಯವಸ್ಥೆಯಿದ್ದರೆ, ಅವನು ಮನೆಗೆ ಹೋದ ಮೇಲೆ ಡಾಟ್ ಫಾರ್ವರ್ಡ್ ಕಡತವೂ ಮರೆಯಾಗುತ್ತದೆ. "ಹಗಲಿನಲ್ಲಿ ಫಾರ್ವರ್ಡ್ ಆಗುತ್ತದೆ, ರಾತ್ರಿ ಆಗುವುದಿಲ್ಲ" ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. ಅಂಥ ಖಾತೆಗಳಿಗೆ ಏಲಿಯಾಸಸ್ ಕಡತವೇ ಸರಿ. ಹೋಮ್ ಡೈರೆಕ್ಟರಿಗಳು ಬೇರೆ ಯಂತ್ರದಲ್ಲಿದ್ದು ಜಾಲದ ಮೂಲಕ ಬರುತ್ತಿದ್ದರೆ ರಿಕ್ವೈರ್_ಹೋಮ್_ಡೈರೆಕ್ಟರಿ ಎಂಬುದನ್ನು ಯೆಸ್ ಮಾಡಿಡಿ. ಆಗ ಸಂಪರ್ಕ ಕಡಿದಾಗ ಪತ್ರ ತಪ್ಪು ಜಾಗಕ್ಕೆ ಬೀಳದೆ ಸರತಿಯಲ್ಲಿ ಕಾಯುತ್ತದೆ.

ಕಮಾಂಡ್‌ಗೆ ಪತ್ರ ಕಳುಹಿಸುವ ಸಾಲನ್ನು, ಉದಾಹರಣೆಗೆ ರಜೆಯ ಸ್ವಯಂ ಉತ್ತರ ಕೊಡುವ ವೆಕೇಶನ್ ಪ್ರೋಗ್ರಾಮನ್ನು, ಬೇರೆಡೆಯಿಂದ ನಕಲು ಮಾಡುವಾಗ ಉದ್ಧರಣ ಚಿಹ್ನೆಗಳನ್ನು ಕೈಯಿಂದಲೇ ಮತ್ತೆ ಹಾಕಿ. ಬಾಗಿದ ಅಲಂಕಾರದ ಚಿಹ್ನೆಗಳು ಪೋಸ್ಟ್‌ಫಿಕ್ಸ್‌ಗೆ ಅರ್ಥವಾಗುವುದಿಲ್ಲ.

ಹಂತ 7: ಹಲವು ಡೊಮೇನ್‌ಗಳಿದ್ದರೆ ವರ್ಚುಯಲ್ ಏಲಿಯಾಸ್

ಒಂದೇ ಸರ್ವರ್ ಎರಡು ಡೊಮೇನ್‌ಗಳ ಪತ್ರ ಪಡೆಯುತ್ತಿದ್ದು, ಎರಡರಲ್ಲೂ ‘ಆಫೀಸ್’ ಬೇರೆ ಬೇರೆಯವರಿಗೆ ಹೋಗಬೇಕಿದ್ದರೆ ಏಲಿಯಾಸಸ್ ಕಡತ ಸಾಲದು. ಅದಕ್ಕೆ ಡೊಮೇನ್ ಕಾಣುವುದೇ ಇಲ್ಲ. /ಇಟಿಸಿ/ಪೋಸ್ಟ್‌ಫಿಕ್ಸ್/ವರ್ಚುಯಲ್ ಕಡತದಲ್ಲಿ ಕೋಲನ್ ಇಲ್ಲದೆ, ನಡುವೆ ಜಾಗ ಬಿಟ್ಟು ಬರೆಯಿರಿ:

ಆಫೀಸ್@ಎಕ್ಸಾಂಪಲ್.ಆರ್ಗ್ ರವಿ
ಆಫೀಸ್@ಎಕ್ಸಾಂಪಲ್.ಕಾಮ್ ಉಷಾ
ಪೋಸ್ಟ್‌ಮಾಸ್ಟರ್@ಎಕ್ಸಾಂಪಲ್.ಕಾಮ್ ರೂಟ್

ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್‌ಗಳಿರುವ ಮೇನ್.ಸಿಎಫ್ ಕಡತದಲ್ಲಿ ವರ್ಚುಯಲ್_ಏಲಿಯಾಸ್_ಮ್ಯಾಪ್ಸ್‌ಗೆ ಈ ಕಡತವನ್ನು ಸೂಚಿಸಿ. ಸ್ವಂತ ಪೆಟ್ಟಿಗೆಗಳಿಲ್ಲದೆ ಬರಿಯ ಏಲಿಯಾಸ್‌ಗಳಿರುವ ಡೊಮೇನನ್ನು ಮಾತ್ರ ವರ್ಚುಯಲ್_ಏಲಿಯಾಸ್_ಡೊಮೇನ್ಸ್‌ಗೆ ಸೇರಿಸಿ. ಮೈಡೆಸ್ಟಿನೇಶನ್‌ನಲ್ಲಿ ಈಗಾಗಲೇ ಇರುವ ಡೊಮೇನಿನ ಸಾಲುಗಳು ಅದಿಲ್ಲದೆಯೇ ಕೆಲಸ ಮಾಡುತ್ತವೆ. ಕಡತದ ಮೇಲೆ ಪೋಸ್ಟ್‌ಮ್ಯಾಪ್ ನಡೆಸಿ, ‘ಪೋಸ್ಟ್‌ಫಿಕ್ಸ್ ಚೆಕ್’ ಕೊಟ್ಟು, ದೋಷವಿಲ್ಲವೆಂದಾದ ಮೇಲೆ ‘ಪೋಸ್ಟ್‌ಫಿಕ್ಸ್ ರೀಲೋಡ್’ ಕೊಡಿ.

ಬಲಗಡೆ ಬರಿ ‘ರವಿ’ ಎಂದಿದ್ದರೆ ಪೋಸ್ಟ್‌ಫಿಕ್ಸ್ ಅದಕ್ಕೆ ಮೈಆರಿಜಿನ್ ಡೊಮೇನನ್ನು ಜೋಡಿಸುತ್ತದೆ. ಆ ಡೊಮೇನ್ ಮೈಡೆಸ್ಟಿನೇಶನ್‌ನಲ್ಲಿ ಇಲ್ಲದಿದ್ದರೆ ಪತ್ರ ಹೊರಗೆ ಹೊರಡುತ್ತದೆ. ಎರಡನ್ನೂ ತಾಳೆ ನೋಡಿ, ಅನುಮಾನವಿದ್ದರೆ ‘ರವಿ@ಲೋಕಲ್‌ಹೋಸ್ಟ್’ ಎಂದು ಬರೆಯಿರಿ. ವರ್ಚುಯಲ್ ಕೋಷ್ಟಕದಲ್ಲಿ ಇನ್‌ಕ್ಲೂಡ್ ಆಗಲಿ, ಕಮಾಂಡ್ ಆಗಲಿ ನಡೆಯುವುದಿಲ್ಲ. ಅವು ಬೇಕಿದ್ದರೆ ವರ್ಚುಯಲ್ ಸಾಲು ಒಂದು ಲೋಕಲ್ ಏಲಿಯಾಸನ್ನು ತೋರಿಸಲಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

‘@ಎಕ್ಸಾಂಪಲ್.ಕಾಮ್ ರವಿ’ ಎಂದು ಇಡೀ ಡೊಮೇನನ್ನು ಒಬ್ಬರಿಗೆ ತಿರುಗಿಸುವ ಸಾಲನ್ನು ಹಾಕಬೇಡಿ. ಇಲ್ಲದ ಹೆಸರುಗಳಿಗೆ ಬರುವ ಪ್ರತಿಯೊಂದು ಸ್ಪ್ಯಾಮ್ ಪತ್ರವನ್ನೂ ನಿಮ್ಮ ಸರ್ವರ್ ಬಾಗಿಲಲ್ಲಿ ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ.

ಕನ್ನಡ ಲಿಪಿಯ ಏಲಿಯಾಸ್ ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯ. 2015ರಲ್ಲಿ ಬಂದ ಪೋಸ್ಟ್‌ಫಿಕ್ಸ್ 3.0ರಿಂದ ಇಂಗ್ಲಿಷೇತರ ಲಿಪಿಗಳ ವಿಳಾಸಗಳಿಗೆ ಬೇಕಾದ ಎಸ್‌ಎಂಟಿಪಿಯುಟಿಎಫ್8 ಬೆಂಬಲವಿದೆ. ಆದರೆ ಎದುರಿನ ಸರ್ವರ್‌ಗೂ ಆ ಬೆಂಬಲ ಬೇಕು, ಇಲ್ಲದಿದ್ದರೆ ಪತ್ರ ತಲುಪುವುದಿಲ್ಲ. ಕನ್ನಡದ ವಿಳಾಸವನ್ನು ಧಾರಾಳವಾಗಿ ಇಡಿ, ಪಕ್ಕದಲ್ಲಿ ಅದೇ ಪೆಟ್ಟಿಗೆಗೆ ಹೋಗುವ ಇಂಗ್ಲಿಷ್ ಅಕ್ಷರಗಳ ಏಲಿಯಾಸ್ ಒಂದಿರಲಿ.

ಹಂತ 8: ಹೊರಗಿನ ಖಾತೆಗೆ ಫಾರ್ವರ್ಡ್ ಮಾಡುವ ಮುನ್ನ

ಸಾಧ್ಯವಿದ್ದರೆ ಮಾಡಬೇಡಿ ಎಂಬುದೇ ನನ್ನ ಸಲಹೆ. ಫೋನಿನ ಮೇಲ್ ಆ್ಯಪ್‌ನಲ್ಲಿ ಐಮ್ಯಾಪ್ ಮೂಲಕ ಸರ್ವರ್‌ನ ಪೆಟ್ಟಿಗೆಯನ್ನೇ ತೆರೆದರೆ ಈ ಹಂತದ ಯಾವ ತೊಂದರೆಯೂ ಇಲ್ಲ. ಸಂಸ್ಥೆಯ ಪತ್ರಗಳು ಸಂಸ್ಥೆಯಲ್ಲೇ ಉಳಿಯುತ್ತವೆ.

ಫಾರ್ವರ್ಡ್ ಮಾಡಲೇಬೇಕೆಂದರೆ ತೊಂದರೆಯ ಮೂಲ ತಿಳಿದಿರಲಿ. ಫಾರ್ವರ್ಡ್ ಆದ ಪತ್ರದ ಲಕೋಟೆಯ ಮೇಲೆ ಮೂಲತಃ ಬರೆದವರ ವಿಳಾಸವೇ ಉಳಿಯುತ್ತದೆ. ಆದರೆ ಅದನ್ನು ಈಗ ತಲುಪಿಸುತ್ತಿರುವುದು ನಿಮ್ಮ ಸರ್ವರ್. ಅವರ ಡೊಮೇನಿನ ಎಸ್‌ಪಿಎಫ್ ದಾಖಲೆಯಲ್ಲಿ (ಆ ಡೊಮೇನಿನ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ಸರ್ವರ್‌ಗಳ ಪಟ್ಟಿಯಲ್ಲಿ) ನಿಮ್ಮ ಸರ್ವರ್ ಹೆಸರಿಲ್ಲ, ಹಾಗಾಗಿ ಪರಿಶೀಲನೆ ವಿಫಲವಾಗುತ್ತದೆ. 2024ರ ಫೆಬ್ರುವರಿಯಿಂದ ಜಿಮೇಲ್ ತನಗೆ ಪತ್ರ ಕಳುಹಿಸುವ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್ (ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ) ದೃಢೀಕರಣ ಕೇಳುತ್ತಿದೆ. ‘550 5.7.26’ ಎಂಬ ಸಂಕೇತದೊಂದಿಗೆ ಪತ್ರ ತಿರಸ್ಕೃತವಾದರೆ ಕಾರಣ ಇದೇ.

ಇದಕ್ಕೆ ಎರಡು ಕೆಲಸ ಮಾಡಬೇಕು. ಒಂದು, ಪತ್ರದ ಒಳಗಿನದನ್ನು ಮುಟ್ಟದಿರುವುದು. ಬರೆದವರ ಡಿಕಿಮ್ ಸಹಿ ಪತ್ರದ ಜೊತೆಗೇ ಸಾಗುತ್ತದೆ, ವಿಷಯದ ಸಾಲಿಗೆ ಸಂಸ್ಥೆಯ ಹೆಸರು ಸೇರಿಸಿದರೆ ಅಥವಾ ಕೆಳಗೆ ಸೂಚನೆ ಅಂಟಿಸಿದರೆ ಮುರಿಯುತ್ತದೆ. ಎರಡು, ಪೋಸ್ಟ್‌ಎಸ್‌ಆರ್‌ಎಸ್‌ಡಿ ಎಂಬ ಪ್ಯಾಕೇಜ್ ಹಾಕಿ ಲಕೋಟೆಯ ವಿಳಾಸವನ್ನು ನಿಮ್ಮ ಡೊಮೇನಿನದಾಗಿ ಬದಲಿಸುವುದು. ಆಗ ಎಸ್‌ಪಿಎಫ್ ನಿಮ್ಮ ಡೊಮೇನಿಗೆ ಅನ್ವಯಿಸುತ್ತದೆ. ನಿಮ್ಮ ಎಸ್‌ಪಿಎಫ್ ದಾಖಲೆ ಸರಿಯಿರಬೇಕು ಎಂಬುದನ್ನು ಮರೆಯಬೇಡಿ.

ಪೋಸ್ಟ್‌ಎಸ್‌ಆರ್‌ಎಸ್‌ಡಿ ಜೋಡಿಸುವಾಗ ಸೆಂಡರ್_ಕ್ಯಾನಾನಿಕಲ್_ಮ್ಯಾಪ್ಸ್ ಜೊತೆಗೆ ಸೆಂಡರ್_ಕ್ಯಾನಾನಿಕಲ್_ಕ್ಲಾಸಸ್‌ಗೆ ‘ಎನ್ವಲಪ್_ಸೆಂಡರ್’ ಎಂದು ಮಾತ್ರ ಕೊಡಬೇಕು. ಅದನ್ನು ಬಿಟ್ಟರೆ ಪತ್ರದ ಒಳಗಿನ ಫ್ರಮ್ ಸಾಲೂ ಬದಲಾಗುತ್ತದೆ. ಓದುವವರಿಗೆ ಕಳುಹಿಸಿದವರ ಹೆಸರಿನ ಜಾಗದಲ್ಲಿ ಎಸ್‌ಆರ್‌ಎಸ್0 ಎಂದು ಆರಂಭವಾಗುವ ಉದ್ದನೆಯ ವಿಳಾಸ ಕಾಣುತ್ತದೆ, ಡಿಕಿಮ್ ಸಹಿಯೂ ಕೆಡುತ್ತದೆ. ಅದರ 1ನೆಯ ಮತ್ತು 2ನೆಯ ಸರಣಿಯ ಆವೃತ್ತಿಗಳಿಗೆ ಜೋಡಣೆಯ ಸಾಲುಗಳು ಬೇರೆ ಬೇರೆ, ನಿಮ್ಮ ಆವೃತ್ತಿಯ ಜೊತೆ ಬಂದ ಸೂಚನೆಯನ್ನೇ ಅನುಸರಿಸಿ. ಲಕೋಟೆಯ ವಿಳಾಸ ಬದಲಿಸುವುದು ಡಿಮಾರ್ಕ್‌ಗೆ (ದೃಢೀಕರಣವು ಫ್ರಮ್ ಸಾಲಿನ ಡೊಮೇನಿಗೆ ಹೊಂದಬೇಕೆಂಬ ನಿಯಮಕ್ಕೆ) ಪರಿಹಾರವಲ್ಲ. ಅಲ್ಲಿ ಕಾಪಾಡುವುದು ಮುರಿಯದೆ ಉಳಿದ ಡಿಕಿಮ್ ಸಹಿ ಮಾತ್ರ.

ಫಾರ್ವರ್ಡ್ ಮಾಡುವ ಮೊದಲೇ ಸ್ಪ್ಯಾಮ್ ಸೋಸಿರಬೇಕು. ನಿಮ್ಮ ಸರ್ವರ್‌ನಿಂದ ಹೊರಟ ಸ್ಪ್ಯಾಮ್‌ಗೆ ಹೊರಗಿನ ಸೇವೆಗಳು ನಿಮ್ಮನ್ನೇ ಹೊಣೆ ಮಾಡುತ್ತವೆ, ಆಮೇಲೆ ಉಳಿದವರ ಒಳ್ಳೆಯ ಪತ್ರಗಳೂ ತಡವಾಗುತ್ತವೆ. ಇನ್ನೊಂದು ಎಚ್ಚರಿಕೆ ಖಾಸಗಿತನದ್ದು. ಹೊರಗಿನ ಖಾತೆ ಪತ್ರವನ್ನು ತಿರಸ್ಕರಿಸಿದರೆ ಬರೆದವರಿಗೆ ಹೋಗುವ ವರದಿಯಲ್ಲಿ ಆ ಖಾಸಗಿ ವಿಳಾಸ ಸ್ಪಷ್ಟವಾಗಿ ಕಾಣುತ್ತದೆ. ಹುದ್ದೆಯ ವಿಳಾಸದ ಹಿಂದೆ ಯಾರಿದ್ದಾರೆಂದು ತಿಳಿಯಬಾರದ ಸಂದರ್ಭಗಳಲ್ಲಿ, ಉದಾಹರಣೆಗೆ ದೂರು ಸ್ವೀಕರಿಸುವ ಏಲಿಯಾಸ್‌ಗಳಲ್ಲಿ, ಹೊರಗಿನ ಫಾರ್ವರ್ಡ್ ಬೇಡವೇ ಬೇಡ.

ಹಂತ 9: ಪರೀಕ್ಷೆ, ಒಳಗಿನಿಂದ ಹೊರಕ್ಕೆ

ಮೊದಲು ಪತ್ರ ಕಳುಹಿಸದೆಯೇ ನೋಡಿ. ‘ಸೆಂಡ್‌ಮೇಲ್ -ಬಿವಿ ಆಫೀಸ್’ ಎಂದರೆ ಪೋಸ್ಟ್‌ಫಿಕ್ಸ್ ಪತ್ರ ತಲುಪಿಸುವ ಬದಲು, ಅದು ಎಲ್ಲಿಗೆ ಹೋಗುತ್ತಿತ್ತು ಎಂಬ ವರದಿಯನ್ನು ನಿಮ್ಮ ಪೆಟ್ಟಿಗೆಗೆ ಹಾಕುತ್ತದೆ.

ಎರಡನೆಯದಾಗಿ ಸರ್ವರ್‌ನಿಂದಲೇ ಮೇಲ್ ಕಮಾಂಡ್ ಬಳಸಿ ಒಂದು ಪತ್ರ ಕಳುಹಿಸಿ. ಲಾಗ್‌ನಲ್ಲಿ ‘ಟು=’ ಎಂಬಲ್ಲಿ ನಿಜವಾದ ಖಾತೆ, ‘ಒರಿಜ್_ಟು=’ ಎಂಬಲ್ಲಿ ನೀವು ಬರೆದ ಏಲಿಯಾಸ್, ಕೊನೆಗೆ ‘ಸ್ಟೇಟಸ್=ಸೆಂಟ್’ ಇರಬೇಕು. ಒರಿಜ್_ಟು ಇಲ್ಲದಿದ್ದರೆ ವಿಳಾಸ ಬದಲಾಗಿಯೇ ಇಲ್ಲ, ನಿಮ್ಮ ಏಲಿಯಾಸನ್ನು ಯಾರೂ ನೋಡಲಿಲ್ಲ ಎಂದರ್ಥ.

ಮೂರನೆಯದಾಗಿ ಸ್ವಾಕ್ಸ್‌ನಿಂದ 25ನೆಯ ಪೋರ್ಟಿಗೆ ಕಳುಹಿಸಿ. ಒಳಗಿನ ಮೇಲ್ ಕಮಾಂಡ್ ಎಸ್‌ಎಂಟಿಪಿ ಬಾಗಿಲನ್ನು ಹಾದು ಬರುವುದಿಲ್ಲ, ಆ ಬಾಗಿಲಿನ ನಿರ್ಬಂಧಗಳು ಅಲ್ಲಿ ಕಾಣುವುದಿಲ್ಲ. ಒಳಗಿನಿಂದ ಸರಿಯಾಗಿ, ಹೊರಗಿನಿಂದ ತಪ್ಪಾಗಿ ವರ್ತಿಸುವ ಏಲಿಯಾಸ್‌ಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

ಕೊನೆಗೆ ಹೊರಗಿನ ಖಾತೆಯಿಂದ ಬರೆಯಿರಿ. ಇಲ್ಲಿ ಹಲವರು ಗಂಟೆಗಟ್ಟಲೆ ಕಳೆದುಕೊಳ್ಳುತ್ತಾರೆ. ಏಲಿಯಾಸ್ ನಿಮ್ಮ ಜಿಮೇಲ್‌ಗೆ ಫಾರ್ವರ್ಡ್ ಆಗುತ್ತಿದ್ದು, ಅದೇ ಜಿಮೇಲ್‌ನಿಂದ ಪರೀಕ್ಷಾ ಪತ್ರ ಕಳುಹಿಸಿದರೆ ಇನ್‌ಬಾಕ್ಸ್‌ನಲ್ಲಿ ಏನೂ ಕಾಣುವುದಿಲ್ಲ. ಆ ಮೆಸೇಜ್ ಐಡಿಯ ಪತ್ರ ಈಗಾಗಲೇ ‘ಕಳುಹಿಸಿದವು’ ವಿಭಾಗದಲ್ಲಿರುವುದರಿಂದ ಜಿಮೇಲ್ ಎರಡನೆಯ ಪ್ರತಿಯನ್ನು ತೋರಿಸುವುದಿಲ್ಲ. ನಿಮ್ಮ ಸರ್ವರ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಬೇರೆ ಖಾತೆಯಿಂದ ಕಳುಹಿಸಿ, ಇನ್‌ಬಾಕ್ಸ್‌ಗಿಂತ ನಿಮ್ಮ ಲಾಗ್ ಹೇಳುವುದನ್ನು ನಂಬಿ.

ಲಾಗ್‌ನಲ್ಲಿ ಕಂಡರೆ ನಿಲ್ಲಬೇಕಾದ ಸೂಚನೆಗಳು

‘550 5.1.1’ ಜೊತೆಗೆ "ಯೂಸರ್ ಅನ್‌ನೋನ್ ಇನ್ ಲೋಕಲ್ ರಿಸಿಪಿಯಂಟ್ ಟೇಬಲ್" ಎಂದಿದ್ದರೆ ಆ ಹೆಸರಿನ ಖಾತೆಯೂ ಇಲ್ಲ, ಏಲಿಯಾಸೂ ಇಲ್ಲ. ನಾಲ್ಕನೆಯ ಹಂತದ ಡೇಟಾಬೇಸ್ ಪ್ರಶ್ನೆಯನ್ನು ಮತ್ತೆ ಕೇಳಿ.

"ಮೇಲ್ ಫಾರ್ವರ್ಡಿಂಗ್ ಲೂಪ್" ಅಥವಾ "ಟೂ ಮೆನಿ ಹಾಪ್ಸ್" ಎಂದಿದ್ದರೆ ಎರಡು ವಿಳಾಸಗಳು ಒಂದನ್ನೊಂದು ತೋರಿಸುತ್ತಿವೆ. ನಿಮ್ಮ ಸರ್ವರ್ ಜಿಮೇಲ್‌ಗೆ ಕಳುಹಿಸುತ್ತಿದ್ದು, ಆ ಜಿಮೇಲ್ ಖಾತೆ ಮತ್ತೆ ನಿಮ್ಮ ಸರ್ವರ್‌ಗೆ ಫಾರ್ವರ್ಡ್ ಮಾಡುತ್ತಿರುವುದು ಸಾಮಾನ್ಯ ಕಾರಣ. ನಿಮ್ಮ ತುದಿಯ ಫಾರ್ವರ್ಡನ್ನು ಕೂಡಲೇ ತೆಗೆಯಿರಿ, ಆಮೇಲೆ ಬಳಕೆದಾರರನ್ನು ಕೇಳಿ.

‘ಸ್ಟೇಟಸ್=ಡಿಫರ್ಡ್’ ಸಾಲುಗಳು ಒಂದೇ ಹೊರಗಿನ ಸೇವೆಯ ಹೆಸರಿನಲ್ಲಿ ಹೆಚ್ಚುತ್ತಿದ್ದರೆ ‘ಪೋಸ್ಟ್‌ಕ್ಯೂ -ಪಿ’ ಕೊಟ್ಟು ಸರತಿಯನ್ನು ನೋಡಿ. ಸಾಲು ಸಾಲು ಸ್ಪ್ಯಾಮ್ ಕಂಡರೆ ಫಾರ್ವರ್ಡ್ ನಿಲ್ಲಿಸಿ. ಸರತಿಯನ್ನು ಬಲವಂತವಾಗಿ ಮತ್ತೆ ಮತ್ತೆ ತಳ್ಳಿದರೆ ಆ ಸೇವೆ ನಿಮ್ಮನ್ನು ಇನ್ನಷ್ಟು ಬಿಗಿಯಾಗಿ ತಡೆಯುತ್ತದೆ.

ಹಂತ 10: ಬಳಕೆದಾರರು ಬಿಟ್ಟುಹೋದಾಗ

ಖಾತೆ ಅಳಿಸುವ ಮೊದಲು ಆ ಹೆಸರು ಎಲ್ಲೆಲ್ಲಿದೆ ಎಂದು ಗ್ರೆಪ್ ಕಮಾಂಡ್‌ನಿಂದ ಹುಡುಕಿ: ಏಲಿಯಾಸಸ್ ಕಡತ, ವರ್ಚುಯಲ್ ಕಡತ, ಇನ್‌ಕ್ಲೂಡ್ ಪಟ್ಟಿಗಳು, ಇತರರ ಡಾಟ್ ಫಾರ್ವರ್ಡ್ ಕಡತಗಳು. ಎಲ್ಲೆಡೆ ಬದಲಿ ಹೆಸರು ಹಾಕಿ ಡೇಟಾಬೇಸ್‌ಗಳನ್ನು ಕಟ್ಟಿದ ಮೇಲೆಯೇ ಖಾತೆ ಅಳಿಸಿ. ಕ್ರಮ ತಿರುಗುಮುರುಗಾದರೆ ನಡುವಿನ ಹೊತ್ತಿನಲ್ಲಿ ‘ಆಫೀಸ್’ಗೆ ಬಂದ ಪತ್ರಗಳು ಬರೆದವರಿಗೇ ಹಿಂದಿರುಗುತ್ತವೆ. ಅದೇ ಬಳಕೆದಾರ ಹೆಸರನ್ನು ಹೊಸಬರಿಗೆ ಕೂಡಲೇ ಕೊಡಬೇಡಿ, ಹಳಬರಿಗೆ ಬರುವ ಖಾಸಗಿ ಪತ್ರಗಳು ಅವರ ಪೆಟ್ಟಿಗೆಗೆ ಬೀಳುತ್ತವೆ. ಎರಡನೆಯ ಹಂತದಲ್ಲಿ ಮಾಡಿದ ಪಟ್ಟಿಯನ್ನೂ ಅದೇ ದಿನ ತಿದ್ದಿ, ನಾಲ್ಕನೆಯ ಅಂಕಣಕ್ಕೆ ಹೊಸ ಹೊಣೆಗಾರರ ಹೆಸರು ಬರೆಯಿರಿ.